ಉರಿಮೂತ್ರ: ತಡೆದುಕೊಂಡಷ್ಟೂ ಬೆಳೆಯುವ ಸೋಂಕು

ನವೆಂಬರ್ ಬಂತೆಂದರೆ ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರುಗಳಲ್ಲಿ ಕೆಲಸಕ್ಕೆ ಬಿಡುವಿರುವುದಿಲ್ಲ. ಹಗಲು ಕಾಫಿ ಕೊಯ್ಲು, ಸಂಜೆಯಾದರೆ ಅಡಿಕೆ ಸುಲಿತ. ಕೊಪ್ಪ, ನರಸಿಂಹರಾಜಪುರದ ತೋಟಗಳಲ್ಲೂ ಇದೇ ಕತೆ. ಬೆಳಿಗ್ಗೆ ಮನೆ ಬಿಟ್ಟ ಹೆಂಗಸರು ದಿನವಿಡೀ ದುಡಿಯುತ್ತಾರೆ. ತೋಟದಲ್ಲಿ ಮೂತ್ರಕ್ಕೆ ಹೋಗಲು ಮರೆಯಾದ ಜಾಗವಿಲ್ಲದಿದ್ದರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿ ಶುರುವಾದಾಗ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುವವರು ಬಹಳ. ಆದರೆ ಉರಿಮೂತ್ರಕ್ಕೆ ಸಾಮಾನ್ಯ ಕಾರಣ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು. ಸರಿಯಾದ ಔಷಧ ಸಿಕ್ಕರೆ ಕೆಲವೇ ದಿನಗಳಲ್ಲಿ ವಾಸಿಯಾಗುವ ಈ ಕಾಯಿಲೆ, ಅಲಕ್ಷ್ಯ ಮಾಡಿದರೆ ಮೂತ್ರಪಿಂಡಕ್ಕೆ (ಕಿಡ್ನಿ) ಏರಬಲ್ಲದು.

ಸೋಂಕು ಆಗುವುದು ಹೇಗೆ?

ಎರಡು ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರ ತಯಾರಿಸುತ್ತವೆ. ಅದು ಎರಡು ನಾಳಗಳ ಮೂಲಕ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶದಲ್ಲಿ ಶೇಖರವಾಗುತ್ತದೆ. ದೊಡ್ಡವರ ಮೂತ್ರಕೋಶದಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಮೂತ್ರ ಹಿಡಿಯುತ್ತದೆ.

ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದುದು ಇ. ಕೋಲಿ. 1885ರಲ್ಲಿ ಥಿಯೋಡರ್ ಎಶೆರಿಕ್ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದ. ನಮ್ಮೆಲ್ಲರ ಕರುಳಿನಲ್ಲಿ ಇದು ಸಹಜವಾಗಿಯೇ ವಾಸವಾಗಿದೆ. ಅಲ್ಲಿದ್ದಷ್ಟು ಕಾಲ ಸಾಮಾನ್ಯವಾಗಿ ತೊಂದರೆಯಿಲ್ಲ. ಗುದದ್ವಾರದ ಸುತ್ತಲಿನಿಂದ ಮೂತ್ರದ್ವಾರಕ್ಕೆ ಸರಿದು, ಮೇಲೇರಿ, ಮೂತ್ರಕೋಶದ ಒಳಗೋಡೆಗೆ ಅಂಟಿಕೊಂಡಾಗಲೇ ಕಾಯಿಲೆ. ಸಾಮಾನ್ಯ ಮೂತ್ರಸೋಂಕುಗಳಲ್ಲಿ ನಾಲ್ಕರಲ್ಲಿ ಮೂರರಷ್ಟಕ್ಕೆ ಇದೇ ಕಾರಣ.

ಇದನ್ನು ಹೊರದೂಡಲು ದೇಹಕ್ಕಿರುವ ಸರಳ ಉಪಾಯ ಮೂತ್ರ ಮಾಡುವುದೇ. ಪ್ರತಿ ಸಲ ಮೂತ್ರ ಹೋದಾಗಲೂ ಒಳಸೇರಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕೊಚ್ಚಿಹೋಗುತ್ತವೆ. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದುಕೊಂಡರೆ ಅವಕ್ಕೆ ಬೆಳೆಯಲು ಸಮಯ ಸಿಗುತ್ತದೆ.

ಹೆಂಗಸರಿಗೇ ಯಾಕೆ ಹೆಚ್ಚು?

ಗಂಡಸರ ಮೂತ್ರದ್ವಾರದ ನಾಳ ಸುಮಾರು 20 ಸೆಂಟಿಮೀಟರ್ ಉದ್ದ. ಹೆಂಗಸರದು ಸುಮಾರು 4 ಸೆಂಟಿಮೀಟರ್ ಮಾತ್ರ. ಗುದದ್ವಾರವೂ ಹತ್ತಿರ. ಹಾಗಾಗಿ ಬ್ಯಾಕ್ಟೀರಿಯಾ ಮೂತ್ರಕೋಶ ತಲುಪುವುದು ಸುಲಭ. ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ಇದು ನಡತೆಗೆ ಸಂಬಂಧಿಸಿದ್ದಲ್ಲ, ದೇಹರಚನೆಗೆ ಸಂಬಂಧಿಸಿದ್ದು. ನಾಚುವ ಕಾರಣವೇ ಇಲ್ಲ.

ಲೈಂಗಿಕ ಸಂಪರ್ಕದಿಂದ ಬ್ಯಾಕ್ಟೀರಿಯಾ ಒಳಕ್ಕೆ ಸರಿಯುವ ಸಾಧ್ಯತೆ ಹೆಚ್ಚುತ್ತದೆ. ಹೊಸದಾಗಿ ಮದುವೆಯಾದವರಲ್ಲಿ ಉರಿಮೂತ್ರ ಕಾಣಿಸಿಕೊಳ್ಳಲು ಇದೇ ಕಾರಣ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಯೋನಿಯಲ್ಲಿನ ರಕ್ಷಕ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ಆಗ ಸೋಂಕು ಮರುಕಳಿಸುವುದುಂಟು. ಸಕ್ಕರೆ ಕಾಯಿಲೆ, ಮೂತ್ರದ ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು, ಮೂತ್ರಕ್ಕೆ ಕೊಳವೆ ಹಾಕಿರುವುದು ಇವೂ ಕಾರಣಗಳೇ.

ಲಕ್ಷಣಗಳು

- ಮೂತ್ರ ಮಾಡುವಾಗ ಉರಿ, ನೋವು
- ಮತ್ತೆ ಮತ್ತೆ ಅವಸರವಾಗುವುದು, ಹೋದರೆ ನಾಲ್ಕೇ ಹನಿ
- ಕಿಬ್ಬೊಟ್ಟೆಯಲ್ಲಿ ನೋವು ಅಥವಾ ಒತ್ತಿದಂತಾಗುವುದು
- ಮೂತ್ರ ಮಬ್ಬಾಗುವುದು, ಕೆಲವೊಮ್ಮೆ ರಕ್ತ ಬೆರೆಯುವುದು

ಮೂತ್ರದ ಬಣ್ಣ ಗಾಢವಾಗಿದ್ದು ಬೇರೆ ತೊಂದರೆಯಿಲ್ಲದಿದ್ದರೆ ಅದು ನೀರು ಸಾಲದ್ದರ ಸೂಚನೆಯಾಗಿರಬಹುದು. ಉರಿಯ ಜತೆ ಬಿಳಿಸೆರಗು, ತುರಿಕೆ ಇದ್ದರೆ ಸೋಂಕು ಯೋನಿಯದ್ದಿರಬಹುದು. ಅದರ ಚಿಕಿತ್ಸೆ ಬೇರೆ.

ಚಳಿಜ್ವರ ಬಂದರೆ ಕಾಯಬೇಡಿ

ಸೋಂಕು ಮೂತ್ರಕೋಶದಲ್ಲೇ ಇದ್ದರೆ ಸಾಮಾನ್ಯವಾಗಿ ಜ್ವರ ಬರುವುದಿಲ್ಲ. ಚಳಿ ನಡುಕದ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿ ನೋವು, ವಾಂತಿ ಕಾಣಿಸಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರುವ ಸಂಭವ ಹೆಚ್ಚು. ಅದು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕಿನವರು ಇನ್ನೊಂದು ಎಚ್ಚರ ವಹಿಸಬೇಕು. ಕಾಫಿ ಕೊಯ್ಲಿನ ಕಾಲದಲ್ಲೇ ಕಾಡಂಚಿನಲ್ಲಿ ಉಣ್ಣೆಗಳಿಂದ ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಅದು ಈ ಮೂರೂ ತಾಲ್ಲೂಕುಗಳಲ್ಲಿ ಇತ್ತೀಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಗದ್ದೆ ನಾಟಿಯ ಮಳೆಗಾಲದಲ್ಲಿ ಇಲಿಜ್ವರದ ಭಯ. ಜ್ವರ, ಮೈಕೈ ನೋವು, ವಾಂತಿ ಇವೆಲ್ಲದರಲ್ಲೂ ಇರುತ್ತವೆ. ಆದ್ದರಿಂದ ಮನೆಯಲ್ಲೇ ಇಂಥದ್ದೇ ಎಂದು ತೀರ್ಮಾನಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕು. ಮೂತ್ರದಲ್ಲಿ ಉರಿ ಇತ್ತು ಎಂಬುದನ್ನೂ, ಕಾಡಿಗೆ ಹೋಗಿದ್ದನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಆ ಎರಡು ಮಾತು ಸರಿಯಾದ ಪರೀಕ್ಷೆಗೆ ದಾರಿ ಮಾಡಿಕೊಡುತ್ತವೆ.

ಪರೀಕ್ಷೆ

ಮೊದಲನೆಯದು ಸಾಮಾನ್ಯ ಮೂತ್ರ ಪರೀಕ್ಷೆ. ಮೂತ್ರದಲ್ಲಿ ಬಿಳಿರಕ್ತಕಣ, ರಕ್ತ, ನೈಟ್ರೈಟ್ ಇವೆಯೇ ಎಂದು ಇದರಲ್ಲಿ ತಿಳಿಯುತ್ತದೆ. ಸೋಂಕು ಮರುಕಳಿಸಿದ್ದರೆ, ಜ್ವರವಿದ್ದರೆ, ಗರ್ಭಿಣಿಯಾಗಿದ್ದರೆ ಕಲ್ಚರ್ ಪರೀಕ್ಷೆ ಬೇಕು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಮೂತ್ರ ಕೊಡುವುದು ಮುಖ್ಯ. ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು.

ಚಿಕಿತ್ಸೆ

ಬೇರೆ ತೊಡಕಿಲ್ಲದ ಹೆಂಗಸರ ಮೂತ್ರಕೋಶ ಸೋಂಕಿಗೆ ವೈದ್ಯರು ಮೊದಲು ಆರಿಸಿಕೊಳ್ಳುವ ಔಷಧಗಳಲ್ಲಿ ಮುಖ್ಯವಾದವು ಎರಡು: ಸಾಮಾನ್ಯವಾಗಿ 5 ದಿನ ತೆಗೆದುಕೊಳ್ಳುವ ನೈಟ್ರೋಫ್ಯುರಾಂಟೊಯಿನ್, ನೀರಿನಲ್ಲಿ ಕರಗಿಸಿ ಒಂದೇ ಸಲ ಕುಡಿಯುವ 3 ಗ್ರಾಮಿನ ಫಾಸ್ಫೊಮೈಸಿನ್. ಮೊದಲನೆಯದನ್ನು ಊಟದ ಜತೆ ತೆಗೆದುಕೊಳ್ಳಬೇಕು. ಅದರಿಂದ ಮೂತ್ರದ ಬಣ್ಣ ಕಂದಾದರೆ ಹೆದರಬೇಕಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಹೆರಿಗೆ ಹತ್ತಿರವಾದವರಿಗೆ ಅದು ಹೊಂದುವುದಿಲ್ಲ. ಮೂತ್ರಪಿಂಡಕ್ಕೆ ಏರಿದ ಸೋಂಕಿಗೆ ಈ ಎರಡೂ ಸಾಲವು. ಬೇರೆ ಔಷಧ, ಕೆಲವೊಮ್ಮೆ ಆಸ್ಪತ್ರೆ ವಾಸವೂ ಬೇಕಾಗುತ್ತದೆ.

ಕಳೆದ ಸಲದ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತರುವುದು, ಪಕ್ಕದ ಮನೆಯವರ ಬಳಿ ಉಳಿದ ಮಾತ್ರೆಯನ್ನು ನುಂಗುವುದು, ಉರಿ ಕಡಿಮೆಯಾದ ಕೂಡಲೇ ನಿಲ್ಲಿಸುವುದು ಇವು ಬಿಡಲೇಬೇಕಾದ ಅಭ್ಯಾಸಗಳು. ಇವುಗಳಿಂದ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುತ್ತದೆ. ಭಾರತದಲ್ಲಿ ಸಾಮಾನ್ಯ ಮೂತ್ರಸೋಂಕಿನಲ್ಲೂ ಇಂಥ ಇ. ಕೋಲಿ ಹೆಚ್ಚಾಗಿ ಸಿಗುತ್ತಿದೆ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಗೆರೆಯ ಬಗ್ಗೆ ಅಭಿಯಾನವನ್ನೇ ನಡೆಸಿತು.

ಮನೆಮದ್ದಿನ ಮಿತಿ

ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ, ಲಾವಂಚದ ನೀರು ಮಲೆನಾಡಿನ ಮನೆಗಳಲ್ಲಿ ಉರಿಮೂತ್ರಕ್ಕೆ ಕೊಡುವಂಥವು. ಇವು ದೇಹಕ್ಕೆ ನೀರು ತುಂಬುತ್ತವೆ, ಉರಿಯನ್ನು ತುಸು ಶಮನ ಮಾಡುತ್ತವೆ, ಕುಡಿಯಲು ಅಡ್ಡಿಯಿಲ್ಲ. ಆದರೆ ನೆಲೆನಿಂತ ಬ್ಯಾಕ್ಟೀರಿಯಾವನ್ನು ಇವುಗಳಿಂದಲೇ ತೆಗೆಯಬಹುದು ಎಂದು ನಂಬಿ ಕೂರಬಾರದು. ಅಂಗಡಿಯಲ್ಲಿ ಸಿಗುವ ಉರಿ ತಗ್ಗಿಸುವ ಸಿರಪ್ಪಿನ ಮಾತೂ ಇದೇ. ಮೂತ್ರದ ಕಷ್ಟಗಳನ್ನು ಆಯುರ್ವೇದ ಮೂತ್ರಕೃಚ್ಛ್ರ ಎಂದು ವಿವರವಾಗಿ ಚರ್ಚಿಸಿದೆ, ಕೊಪ್ಪದಲ್ಲೇ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಆ ಪದ್ಧತಿಯನ್ನು ಅನುಸರಿಸುವವರು ಅದನ್ನು ಓದಿದ ವೈದ್ಯರನ್ನೇ ಕಾಣಬೇಕು. ಜ್ವರ, ಬೆನ್ನುನೋವು, ಬಸಿರು ಇದ್ದಾಗ ಮಾತ್ರ ಮನೆಮದ್ದಿನ ಪ್ರಯೋಗ ಬೇಡವೇ ಬೇಡ.

ವಿಶೇಷ ಎಚ್ಚರ ಬೇಕಾದವರು

*ಗರ್ಭಿಣಿಯರು:* ಇವರಲ್ಲಿ ಯಾವ ಲಕ್ಷಣವಿಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರಬಹುದು. ಬಿಟ್ಟರೆ ಮೂತ್ರಪಿಂಡಕ್ಕೆ ಏರುವ, ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಹಾಗಾಗಿ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಯನ್ನು ತಪ್ಪಿಸಬಾರದು.

*ಮಕ್ಕಳು:* ಎಳೆಯ ಮಕ್ಕಳಲ್ಲಿ ಕಾರಣ ತಿಳಿಯದ ಜ್ವರ, ಹಾಲು ಬಿಡುವುದು, ವಾಂತಿ ಇವೇ ಲಕ್ಷಣ. ಶಾಲೆಯ ಶೌಚಾಲಯ ಚೆನ್ನಾಗಿಲ್ಲವೆಂದು ನೀರು ಕುಡಿಯದ ಹೆಣ್ಣುಮಕ್ಕಳನ್ನು ತಾಯಂದಿರು ಕೇಳಿ ತಿಳಿದುಕೊಳ್ಳಬೇಕು. ಮಲಬದ್ಧತೆಯೂ ಮಕ್ಕಳಲ್ಲಿ ಸೋಂಕು ಮರುಕಳಿಸಲು ಕಾರಣ.

*ಗಂಡಸರು:* ಇವರಲ್ಲಿ ಮೂತ್ರಸೋಂಕು ಅಪರೂಪ. ಬಂದರೆ ಪ್ರಾಸ್ಟೇಟ್, ಕಲ್ಲು ಇತ್ಯಾದಿ ಕಾರಣವನ್ನು ಹುಡುಕಲೇಬೇಕು.

ಬಾರದಂತೆ ತಡೆಯಲು

ನೀರು ಕುಡಿಯುವುದು ಎಲ್ಲಕ್ಕಿಂತ ಸುಲಭದ ಉಪಾಯ. ಪದೇ ಪದೇ ಸೋಂಕಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

- ಮೂತ್ರ ತಡೆಯಬೇಡಿ. ಮೂರು ನಾಲ್ಕು ಗಂಟೆಗೊಮ್ಮೆಯಾದರೂ ಹೋಗಿ.
- ತೊಳೆಯುವುದು, ಒರೆಸುವುದು ಮುಂದಿನಿಂದ ಹಿಂದಕ್ಕೆ ಇರಲಿ. ಒಳಗೆ ಸೋಪು ಬಳಸಬೇಡಿ.
- ಲೈಂಗಿಕ ಸಂಪರ್ಕದ ನಂತರ ಮೂತ್ರ ಮಾಡಿ.
- ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದು ಮಲೆನಾಡಿನ ದೊಡ್ಡ ಕಷ್ಟ. ಮುಟ್ಟಿನ ಬಟ್ಟೆಯನ್ನು ಮುಚ್ಚಿಟ್ಟು ತೇವದಲ್ಲೇ ಬಳಸಬೇಡಿ. ಬಚ್ಚಲೊಲೆಯ ಬಿಸಿಗಾದರೂ ಪೂರ್ತಿ ಒಣಗಿಸಿ. ಒಡಿಶಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರುಬಳಕೆಯ ಬಟ್ಟೆ ಬಳಸುವವರಲ್ಲಿ ಇಂಥ ಸೋಂಕಿನ ಲಕ್ಷಣ ಹೆಚ್ಚು ಕಂಡುಬಂದಿತ್ತು.
- ಮುಟ್ಟು ನಿಂತವರಿಗೆ ಪದೇ ಪದೇ ಬರುತ್ತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ತೋಟದ ಯಜಮಾನರ ಪಾಲು

ಈ ಸಲಹೆಗಳನ್ನು ಪಾಲಿಸಲು ಕೆಲಸದ ಜಾಗದಲ್ಲಿ ಶೌಚಾಲಯ ಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯೇ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಶೌಚಾಲಯ, ಮೂತ್ರಾಲಯ ಇರಬೇಕು, ಅವು ಕೆಲಸಗಾರರಿಗೆ ಹತ್ತಿರವಿರಬೇಕು ಎಂದು ವಿಧಿಸಿತ್ತು. ಆದರೆ ಅದು ಅನ್ವಯಿಸಿದ್ದು ನಿಗದಿತ ವಿಸ್ತೀರ್ಣದ ದೊಡ್ಡ ತೋಟಗಳಿಗೆ. ಮಲೆನಾಡಿನ ಸಣ್ಣ ಹಿಡುವಳಿಯಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ ದುಡಿಯುವವರಿಗೆ ಅಂಥ ರಕ್ಷಣೆ ದಕ್ಕಲಿಲ್ಲ. ಕಾನೂನು ಬರಲಿ ಎಂದು ಕಾಯಬೇಕಿಲ್ಲ. ಕೆಲಸಕ್ಕೆ ಬಂದ ಹೆಂಗಸರಿಗೆ ಮನೆಯ ಶೌಚಾಲಯ ಬಳಸಲು ಕೊಡುವುದು, ದೂರದ ತೋಟವಾದರೆ ನೀರು ಮತ್ತು ಬಾಗಿಲಿರುವ ಒಂದು ಸಣ್ಣ ಕೋಣೆ ಕಟ್ಟಿಸುವುದು, ಕುಡಿಯುವ ನೀರಿಗೂ ಮೂತ್ರಕ್ಕೂ ಬಿಡುವು ಕೊಡುವುದು ಇಷ್ಟನ್ನು ಪ್ರತಿ ತೋಟದ ಯಜಮಾನರೂ ಈ ಕೊಯ್ಲಿನಿಂದಲೇ ಶುರು ಮಾಡಬಹುದು.