ತೋಳನ ನೆಲೆ: ಗುಡ್ಡವೋ, ಎರೆಯೋ?

ಕಾಡುಪ್ರಾಣಿ ಇಂದು ಎಲ್ಲಿ ಕಾಣಿಸುತ್ತದೋ ಅದನ್ನೇ ಅದರ ಸಹಜ ನೆಲೆ ಎಂದು ಬರೆದುಬಿಡುವುದು ರೂಢಿ. ಕಾಂಗರೂವಿನಂತೆ ಮರಿಗಳನ್ನು ಹೊಟ್ಟೆಚೀಲದಲ್ಲಿ ಸಾಕುವ ಮಾಂಸಾಹಾರಿ ಟ್ಯಾಸ್ಮೇನಿಯನ್ ಡೆವಿಲ್ ಈಗ ಕಾಡಿನಲ್ಲಿ ಉಳಿದಿರುವುದು ತಂಪುಹವೆಯ ಟ್ಯಾಸ್ಮೇನಿಯಾ ದ್ವೀಪದಲ್ಲಿ. ಆದರೆ ಸುಮಾರು 3,000 ವರ್ಷಗಳ ಹಿಂದಿನವರೆಗೂ ಅದು ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿತ್ತೆಂದು ಪಳೆಯುಳಿಕೆಗಳು ತೋರಿಸುತ್ತವೆ. ಅಲ್ಲಿ ಅದು ಅಳಿದದ್ದಕ್ಕೆ ಡಿಂಗೊ ನಾಯಿ, ಮನುಷ್ಯ, ಹವಾಮಾನ ಎಂದು ವಿದ್ವಾಂಸರು ಬೇರೆಬೇರೆ ಕಾರಣ ಕೊಡುತ್ತಾರೆ. ಡಿಂಗೊ ಮಾತ್ರ ದ್ವೀಪಕ್ಕೆ ದಾಟಲಿಲ್ಲ. ಅಂದರೆ ಟ್ಯಾಸ್ಮೇನಿಯಾ ಡೆವಿಲ್ ಆರಿಸಿಕೊಂಡ ನಾಡಲ್ಲ, ಅದಕ್ಕೆ ಉಳಿದ ನಾಡು. ಬಾದಾಮಿ ಸೀಮೆಯ ತೋಳನ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗಿದೆ.

ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಕುಳಗೇರಿ ಕ್ರಾಸಿನಿಂದ ಬಾದಾಮಿಯ ಕಡೆ ಹೊರಳಿದರೆ ಕಲಾದಗಿ ಶಿಲಾಸ್ತರದ ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ದಕ್ಷಿಣಕ್ಕೆ ಮಲಪ್ರಭೆ ದಾಟಿ ನರಗುಂದದತ್ತ ಹೋದರೆ ಎರೆಯ, ಅಂದರೆ ಕಪ್ಪು ಮಣ್ಣಿನ, ಬಯಲು. ಘಟ್ಟದ ಮಳೆನೆರಳಿನ ಈ ಸೀಮೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಏಪ್ರಿಲ್–ಮೇ ಬಿಸಿಲು 40 ಡಿಗ್ರಿ. ತೋಳನನ್ನು ಈಗ ಗುಡ್ಡದ ಪ್ರಾಣಿ ಎಂದೇ ಎಣಿಸುವುದುಂಟು. ನನ್ನ ವಾದ ಬೇರೆ. ತೋಳನಿಗೆ ಬೇಕಾದದ್ದು ಗುಡ್ಡ, ಎರೆ ಎರಡೂ ಸೇರುವ ಅಂಚು. ಎರೆ ಮಣ್ಣು ಮಳೆಗೆ ಉಬ್ಬಿ ಕೆಸರಾಗುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿ ತೋಡಿದ ಬಿಲ ಬಾಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮರಿ ಹಾಕುವ ತೋಳಕ್ಕೆ ಗುಡ್ಡದ ಬುಡದ ಗರಸು ನೆಲ, ಹಳ್ಳದ ದಂಡೆ ಬೇಕು. ಬೇಟೆಗೆ ಮಾತ್ರ ಬಯಲೇ ಬೇಕು: ಚಿಗರಿ, ಮೊಲ, ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ನಿಲ್ಲಿಸಿದ ಕುರಿಹಿಂಡು, ಎಲ್ಲ ಇರುವುದು ಅಲ್ಲಿ.

ಇದಕ್ಕೆ ಹಳೆಯ ಸಾಕ್ಷಿಯೂ ಇದೆ. 1831ರಲ್ಲಿ ದಖ್ಖನಿನ ತೋಳನನ್ನು ವಿಜ್ಞಾನಕ್ಕೆ ಪರಿಚಯಿಸಿದ ಕರ್ನಲ್ ಸೈಕ್ಸ್, ಅದು ತೆರೆದ ಕಲ್ಲುಬಯಲುಗಳಲ್ಲಿ ಹೇರಳವಾಗಿದೆಯೆಂದೂ ಘಟ್ಟದ ಕಾಡುಗಳಲ್ಲಿ ತನಗೆ ಸಿಗಲಿಲ್ಲವೆಂದೂ ದಾಖಲಿಸಿದ. ಅವನು ಓಡಾಡಿದ್ದು ಹೆಚ್ಚಾಗಿ ಇಂದಿನ ಮಹಾರಾಷ್ಟ್ರದಲ್ಲಿ, ನಿಜ; ಆದರೆ ಮಳೆನೆರಳಿನ ಪಟ್ಟಿ ಒಂದೇ.

ಆಕ್ಷೇಪ ಏಳುತ್ತದೆ: ಈ ಬಯಲು ಕಾಡು ಕಡಿದು ಆದದ್ದಲ್ಲವೇ, ತೋಳ ಮನುಷ್ಯನ ಹಿಂದೆ ಬಂದದ್ದಲ್ಲವೇ? ಖ್ಯಾಡದಂಥ ಶಿಲಾಯುಗದ ನೆಲೆಗಳಿರುವ ಮಲಪ್ರಭಾ ಕಣಿವೆಯ ಬಗ್ಗೆ ಪುರಾತತ್ವಜ್ಞ ಆರ್.ವಿ. ಜೋಶಿ 1955ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನದಿದಂಡೆಯ ಗರಸು–ಹೂಳಿನ ಪದರಗಳು ಹಸಿ ಕಾಲ, ಒಣ ಕಾಲ ಸರದಿಯಲ್ಲಿ ಬಂದದ್ದನ್ನು ಸೂಚಿಸುತ್ತವೆ. ಹಿಂದೆ ಮಳೆ ಹೆಚ್ಚಿದ್ದ ಕಾಲವಿತ್ತೆಂದು ಇದರಿಂದ ಒಪ್ಪಬಹುದು. ಆದರೆ ಬರವೂ ಬಯಲೂ ನೇಗಿಲಿಗಿಂತ ಹಳೆಯವೆಂಬುದೂ ಇದರಿಂದಲೇ ತಿಳಿಯುತ್ತದೆ. ಭಾರತದ ತೋಳ ಜಗತ್ತಿನ ತೋಳಗಳಲ್ಲೇ ಬಹು ಪ್ರಾಚೀನವಾಗಿ ಕವಲೊಡೆದ ವಂಶವೆಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಕುರಿ ಸಾಕುವ ಮೊದಲೇ ತೋಳವಿತ್ತು. ಕುರಿ ಬಂದ ಮೇಲೆ ಅದಕ್ಕೆ ಬೇಟೆ ಸುಲಭವಾಯಿತು, ಅಷ್ಟೆ.

ಹಾಗಾದರೆ ತೋಳ ಗುಡ್ಡಕ್ಕೆ ಸೇರಿದ್ದು ಯಾವಾಗ? ಮೊದಲು ನೆನಪಾಗುವ ಕಾರಣ ಬಹುಮಾನದ ಬೇಟೆ. ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕಹಾಕಿದಂತೆ 1875ರಿಂದ 1925ರೊಳಗೆ ಬ್ರಿಟಿಷ್ ಭಾರತದಲ್ಲಿ ಬಹುಮಾನಕ್ಕಾಗಿ ಕೊಂದ ತೋಳಗಳು ಸುಮಾರು 2 ಲಕ್ಷ. ಆದರೆ ಬೇಟೆಗೆ ಸಂಖ್ಯೆ ಇಳಿಯುತ್ತದೆಯೇ ಹೊರತು ನೆಲೆ ಬದಲಾಗಬೇಕಿಲ್ಲ. ನೆಲೆ ಬದಲಿಸಿದ್ದು ನೀರು ಎಂದು ನನಗನ್ನಿಸುತ್ತದೆ. 1970ರ ದಶಕದಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಕಾಲುವೆಗಳು ಎರೆಗೆ ಇಳಿದವು. ಮಳೆ ಅಷ್ಟೇ ಇದ್ದರೂ ನೀರು ಹರಿದ ಹೊಲಕ್ಕೆ ಬಿಡುವಿಲ್ಲದಾಯಿತು. ಖಾಲಿ ಹೊಲವೇ ಇಲ್ಲದ ಮೇಲೆ ಕುರಿಹಟ್ಟಿ ಗುಡ್ಡದ ಅಂಚಿಗೆ ಸರಿಯಿತು. ಅದರ ಬೆನ್ನಿಗೆ ತೋಳ.