ಮಾತಿಲ್ಲದ ಸಂಗೀತಕ್ಕೆ ಅಂಕ: ಮೊಗ್ವಾಯ್ ತಂಡದ ಮರುಶ್ರವಣದ ಚರಿತ್ರೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1995ರಲ್ಲಿ ಸ್ಟುವರ್ಟ್ ಬ್ರೇತ್‌ವೇಟ್, ಡೊಮಿನಿಕ್ ಐಚಿಸನ್ ಮತ್ತು ಮಾರ್ಟಿನ್ ಬುಲಕ್ ಸೇರಿ ಕಟ್ಟಿದ ಮೊಗ್ವಾಯ್ ತಂಡವು 2025ರವರೆಗಿನ ಮೂರು ದಶಕಗಳಲ್ಲಿ ಹನ್ನೊಂದು ಸ್ಟುಡಿಯೋ ಆಲ್ಬಂಗಳನ್ನೂ, ಚಲನಚಿತ್ರ, ಸಾಕ್ಷ್ಯಚಿತ್ರ ಮತ್ತು ಟೀವಿ ಧಾರಾವಾಹಿಗಳಿಗಾಗಿ ರಚಿಸಿದ ಹಿನ್ನೆಲೆ ಸಂಗೀತದ ಹಲವು ಆಲ್ಬಂಗಳನ್ನೂ ಹೊರತಂದಿದೆ. ಈ ಸಂಗೀತದ ಬಹುಪಾಲಿನಲ್ಲಿ ಹಾಡುಗಾರಿಕೆ ಇಲ್ಲ. ಸಾಹಿತ್ಯವಿಲ್ಲದ ರಚನೆಯ ಅರ್ಥವನ್ನು ಕೇಳುಗನೇ ತುಂಬಿಕೊಳ್ಳಬೇಕಾಗುವುದರಿಂದ, ತಂಡದ ಅಭಿಮಾನಿಗಳು ವರ್ಷಗಳ ನಂತರ ಅದೇ ಆಲ್ಬಂಗಳಿಗೆ ಮರಳಿ, ಅವುಗಳನ್ನು ಮೇಲುಕೀಳಿನ ಕ್ರಮದಲ್ಲಿ ಮತ್ತೆ ಮತ್ತೆ ಜೋಡಿಸುವ ರೂಢಿಯು ಆ ಸಂಗೀತದ ಚರಿತ್ರೆಯಿಂದ ಬೇರ್ಪಡಿಸಲಾಗದಷ್ಟು ಅದರೊಂದಿಗೆ ಬೆಸೆದುಕೊಂಡಿದೆ.

ಧ್ವನಿಮುದ್ರಿಕೆಗಳಿಗೆ ದರ್ಜೆ ಕೊಡುವ ಪದ್ಧತಿ ಇದಕ್ಕಿಂತ ಹಳೆಯದು. ಅಮೆರಿಕದ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1969ರಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ, ಶಾಲೆಯ ಪ್ರಗತಿಪತ್ರದ ಮಾದರಿಯಲ್ಲಿ ಪ್ರತಿ ಆಲ್ಬಂಗೂ ಒಂದು ಅಕ್ಷರದ ದರ್ಜೆ ನೀಡುವ ಅಂಕಣವನ್ನು ಆರಂಭಿಸಿದ್ದರು. ಕೊಳ್ಳಬೇಕೇ ಬೇಡವೇ ಎಂದು ಗ್ರಾಹಕನಿಗೆ ತಿಳಿಸುವುದು ಅದರ ಉದ್ದೇಶವಾಗಿತ್ತು. ಅಭಿಮಾನಿಯ ಮರುಮೌಲ್ಯಮಾಪನದ ಉದ್ದೇಶ ಬೇರೆ. ಆತ ಈಗಾಗಲೇ ಕೊಂಡು, ಹತ್ತಾರು ಸಲ ಕೇಳಿದ ಆಲ್ಬಂ ಅದು. ಅದಕ್ಕೆ ಕೊಡುವ ಅಂಕವು ಕೃತಿಯನ್ನು ಅಳೆಯುವಷ್ಟೇ ಕೇಳುವ ಕಿವಿಯಲ್ಲಾದ ಬದಲಾವಣೆಯನ್ನೂ ದಾಖಲಿಸುತ್ತದೆ.

'ಪೋಸ್ಟ್-ರಾಕ್' ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಬ್ರಿಟಿಷ್ ವಿಮರ್ಶಕ ಸೈಮನ್ ರೆನಾಲ್ಡ್ಸ್. ಗಿಟಾರ್, ಬೇಸ್ ಮತ್ತು ಡ್ರಮ್ಸ್ ಎಂಬ ರಾಕ್ ಸಂಗೀತದ ಪರಿಕರಗಳನ್ನೇ ಇಟ್ಟುಕೊಂಡು, ಚರಣ-ಪಲ್ಲವಿಗಳ ಹಾಡಿನ ಚೌಕಟ್ಟನ್ನು ಬಿಟ್ಟು, ನಾದದ ಬಣ್ಣ ಮತ್ತು ಹರಹನ್ನು ಕಟ್ಟುವ ತಂಡಗಳನ್ನು ಗುರುತಿಸಲು ಅವರು 1994ರಲ್ಲಿ ಈ ಮಾತನ್ನು ಬಳಸಿದರು. ಅಷ್ಟರಲ್ಲೇ ಅಮೆರಿಕದ ಸ್ಲಿಂಟ್ ತಂಡದ 'ಸ್ಪೈಡರ್‌ಲ್ಯಾಂಡ್' (1991) ಪಿಸುಮಾತಿನಷ್ಟು ಮೆಲ್ಲಗೆ ಆರಂಭವಾಗಿ ಹಠಾತ್ತನೆ ಅಬ್ಬರಿಸುವ ರಚನಾಕ್ರಮವನ್ನು ತೋರಿಸಿಕೊಟ್ಟಿತ್ತು. ಮೊಗ್ವಾಯ್ ಆ ಕ್ರಮವನ್ನು ಅದರ ತುದಿಯವರೆಗೂ ಒಯ್ದಿತು. 1997ರ ಅಕ್ಟೋಬರಿನಲ್ಲಿ ಗ್ಲಾಸ್ಗೋದ ಕೆಮಿಕಲ್ ಅಂಡರ್‌ಗ್ರೌಂಡ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆ ಪ್ರಕಟಿಸಿದ ಮೊದಲ ಆಲ್ಬಂ 'ಮೊಗ್ವಾಯ್ ಯಂಗ್ ಟೀಮ್'ನಲ್ಲಿರುವ 'ಲೈಕ್ ಹೆರಡ್' ರಚನೆಯು ಕೆಲವು ನಿಮಿಷಗಳ ಕಾಲ ಮೆಲುದನಿಯಲ್ಲಿ ಸಾಗಿ, ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿಯುತ್ತದೆ. ಆಲ್ಬಂನ ಕೊನೆಯ 'ಮೊಗ್ವಾಯ್ ಫಿಯರ್ ಸೇಟನ್' ಹದಿನಾರು ನಿಮಿಷಗಳವರೆಗೆ ಕೆಲವೇ ಸ್ವರಗಳ ಸುತ್ತ ಏರಿಳಿಯುತ್ತದೆ. ಅಭಿಮಾನಿಗಳ ಪಟ್ಟಿಗಳಿಗೆ ಈ ಆಲ್ಬಂ ಬಹುಕಾಲ ಅಳತೆಗೋಲಾಯಿತು, ಮತ್ತು ನಂತರ ಬಂದ ಪ್ರತಿಯೊಂದು ಆಲ್ಬಂನಲ್ಲೂ ಸಿಡಿತ ಎಲ್ಲಿದೆ, ಎಷ್ಟಿದೆ ಎಂದು ಹುಡುಕುವ ಅಭ್ಯಾಸ ಬೆಳೆಯಿತು.

ಈ ಅಭ್ಯಾಸದಿಂದ ಹೆಚ್ಚು ಅನ್ಯಾಯಕ್ಕೊಳಗಾದದ್ದು 1999ರ 'ಕಮ್ ಆನ್ ಡೈ ಯಂಗ್'. ಕೀಬೋರ್ಡ್, ಕೊಳಲು ಮೊದಲಾದ ವಾದ್ಯಗಳನ್ನು ಬಲ್ಲ ಬ್ಯಾರಿ ಬರ್ನ್ಸ್ ತಂಡವನ್ನು ಸೇರಿದ ನಂತರದ ಈ ಆಲ್ಬಂ ನ್ಯೂಯಾರ್ಕ್ ರಾಜ್ಯದಲ್ಲಿರುವ ಡೇವ್ ಫ್ರಿಡ್‌ಮನ್ ಅವರ ಸ್ಟುಡಿಯೋದಲ್ಲಿ, ಅವರದೇ ನಿರ್ದೇಶನದಲ್ಲಿ ಸಿದ್ಧವಾಯಿತು. ಇಲ್ಲಿ ಅಬ್ಬರವನ್ನು ಬೇಕೆಂದೇ ತಡೆಹಿಡಿಯಲಾಗಿದೆ. ಗಿಟಾರುಗಳು ಒಂದೊಂದೇ ತಂತಿಯನ್ನು ಬಿಡಿಬಿಡಿಯಾಗಿ ಮೀಟುತ್ತವೆ, ಡ್ರಮ್ಸ್ ನಿಧಾನವಾಗಿ ನಡೆಯುತ್ತದೆ, ಮತ್ತು 'ಕ್ರಿಸ್ಮಸ್ ಸ್ಟೆಪ್ಸ್'ನಂತಹ ಕೆಲವೇ ರಚನೆಗಳು ಹಳೆಯ ಸಿಡಿತವನ್ನು ಹೊರಗೆಡಹುತ್ತವೆ. ಮೊದಲ ಆಲ್ಬಂನ ಕಾವನ್ನು ನಿರೀಕ್ಷಿಸಿ ಬಂದವರಲ್ಲಿ ಹಲವರಿಗೆ ಇದು ತಣ್ಣಗಿನ, ಎಳೆದಾಡುವ ಕೃತಿಯೆಂದು ಕಂಡಿತು. ಆ ಮೊದಲ ತೀರ್ಪು ಅವಸರದ್ದಾಗಿತ್ತು, ಏಕೆಂದರೆ ಈ ತಂಡದ ಮುಂದಿನ ದಾರಿಯ ಮುಖ್ಯ ಗುಣವಾದ ತಾಳ್ಮೆಯು ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಇಲ್ಲಿಯೇ. 2001ರ 'ರಾಕ್ ಆ್ಯಕ್ಷನ್'ನಲ್ಲಿ ವಿದ್ಯುನ್ಮಾನ ನಾದಗಳೂ ಗ್ರಫ್ ರೀಸ್ ವೇಲ್ಸ್ ಭಾಷೆಯಲ್ಲಿ ಹಾಡಿದ ಒಂದು ಗೀತೆಯೂ ಬಂದವು. 'ಹ್ಯಾಪಿ ಸಾಂಗ್ಸ್ ಫಾರ್ ಹ್ಯಾಪಿ ಪೀಪಲ್' (2003) ಮತ್ತು 'ಮಿಸ್ಟರ್ ಬೀಸ್ಟ್' (2006) ರಚನೆಗಳನ್ನು ಮೊಟಕುಗೊಳಿಸಿ ಬಿಗಿಯಾಗಿಸಿದವು.

ಕೇಳುವ ಕ್ರಮವನ್ನೇ ಬದಲಿಸಿದ್ದು ಹಿನ್ನೆಲೆ ಸಂಗೀತ. ಗ್ಲಾಸ್ಗೋ ಮೂಲದ ಕಲಾವಿದ ಡಗ್ಲಸ್ ಗಾರ್ಡನ್ ಮತ್ತು ಫ್ರಾನ್ಸಿನ ಫಿಲಿಪ್ ಪರೆನೊ 2005ರ ಏಪ್ರಿಲ್ 23ರಂದು ರಿಯಲ್ ಮ್ಯಾಡ್ರಿಡ್ ಮತ್ತು ವಿಯ್ಯಾರಿಯಲ್ ತಂಡಗಳ ನಡುವಿನ ಫುಟ್ಬಾಲ್ ಪಂದ್ಯದಲ್ಲಿ ಹದಿನೇಳು ಕ್ಯಾಮೆರಾಗಳನ್ನು ಜಿನೆದಿನ್ ಜಿದಾನ್ ಒಬ್ಬರ ಮೇಲೆಯೇ ನೆಟ್ಟು ಒಂದು ಚಿತ್ರವನ್ನು ತಯಾರಿಸಿದರು. ಚೆಂಡಿನ ಬದಲು ಆಟಗಾರನನ್ನು ಹಿಂಬಾಲಿಸುವ ಈ ಚಿತ್ರದಲ್ಲಿ ಹೆಚ್ಚಿನ ಹೊತ್ತು ಆತ ನಡೆಯುತ್ತಾನೆ, ಕಾಯುತ್ತಾನೆ, ಬೆವರೊರೆಸಿಕೊಳ್ಳುತ್ತಾನೆ. ಪಂದ್ಯದ ಕೊನೆಯಲ್ಲಿ ಕೆಂಪು ಕಾರ್ಡ್ ಪಡೆದು ಮೈದಾನ ಬಿಡುತ್ತಾನೆ. ಇದಕ್ಕೆ 2006ರಲ್ಲಿ ಮೊಗ್ವಾಯ್ ಕೊಟ್ಟ ಸಂಗೀತವೂ ಹಾಗೆಯೇ ಕಾಯುತ್ತದೆ, ಸ್ಫೋಟದ ಆಸೆ ಹುಟ್ಟಿಸದೆ ಸಾಗುತ್ತದೆ. ಸಿಡಿತವನ್ನು ಎಣಿಸಿ ಅಂಕ ಕೊಡುತ್ತಿದ್ದ ಕೇಳುಗನಿಗೆ ಇಲ್ಲಿ ಎಣಿಸಲು ಏನೂ ಉಳಿಯಲಿಲ್ಲ.

ಫ್ರಾನ್ಸಿನ ಕನಾಲ್ ಪ್ಲಸ್ ವಾಹಿನಿಯಲ್ಲಿ 2012ರಲ್ಲಿ ಪ್ರಸಾರವಾದ 'ಲೆ ರೆವೆನಾಂ' ಧಾರಾವಾಹಿಯು ಈ ದಿಕ್ಕನ್ನು ಇನ್ನಷ್ಟು ದೃಢಪಡಿಸಿತು. ಸತ್ತವರು ಏನೂ ಆಗದವರಂತೆ ತಮ್ಮ ಮನೆಗಳಿಗೆ ಮರಳಿ ಬರುವ ಬೆಟ್ಟದೂರಿನ ಈ ಕಥೆಗೆ ತಂಡವು ಸಿದ್ಧ ದೃಶ್ಯಗಳನ್ನು ನೋಡಿ ಅಲ್ಲ, ಮುಂಚಿತವಾಗಿಯೇ ಸಂಗೀತ ರಚಿಸತೊಡಗಿತ್ತು. ಆದ್ದರಿಂದ ಈ ರಚನೆಗಳು ಯಾವುದೋ ಕ್ಷಣಕ್ಕೆ ಒತ್ತು ಕೊಡುವ ಕೆಲಸ ಮಾಡದೆ, ಇಡೀ ಊರಿನ ಮೇಲೆ ಕವಿದ ಒಂದು ಮನಃಸ್ಥಿತಿಯನ್ನು ಕಟ್ಟುತ್ತವೆ. 2013ರಲ್ಲಿ ಬಂದ ಆಲ್ಬಂನಲ್ಲಿ ಪಿಯಾನೊ ಮುಂದೆ ಬಂದು ಗಿಟಾರ್ ಹಿಂದೆ ಸರಿದಿದೆ, ಮತ್ತು ಒಂದೇ ಒಂದು ಹಳೆಯ ಭಕ್ತಿಗೀತೆಯನ್ನು ಬಿಟ್ಟರೆ ಉಳಿದುದೆಲ್ಲ ವಾದ್ಯಸಂಗೀತ. ಧಾರಾವಾಹಿಯನ್ನು ನೋಡದವರೂ ಇದನ್ನು ಸ್ವತಂತ್ರ ಕೃತಿಯಾಗಿ ಕೇಳಬಲ್ಲರು; ಇದನ್ನು 'ಮಿಸ್ಟರ್ ಬೀಸ್ಟ್'ಗಿಂತ ಮೇಲೆ ಇರಿಸುವವರ ವಾದದಲ್ಲಿ ಬಲವಿದೆ, ಏಕೆಂದರೆ ಅಲ್ಲಿ ಬಿಡಿ ರಚನೆಗಳು ಹೊಳೆಯುತ್ತವೆ, ಇಲ್ಲಿ ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರು ಇದೆ. ಇದೇ ಕಿವಿಯಿಂದ 'ಕಮ್ ಆನ್ ಡೈ ಯಂಗ್'ಗೆ ಮರಳಿದಾಗ, ಹಿಂದೆ ಕೊರತೆಯೆನಿಸಿದ್ದ ನಿಧಾನವು ಸಂಯಮವಾಗಿ ಕೇಳಿಸುತ್ತದೆ.

ಹಿನ್ನೆಲೆ ಸಂಗೀತವನ್ನು ಆಲ್ಬಂಗಳ ಪಟ್ಟಿಯಲ್ಲಿ ಸೇರಿಸಬೇಕೇ, ಅದಕ್ಕೆ ಬೇರೆಯೇ ಪಟ್ಟಿ ಬೇಕೇ ಎಂಬ ತಕರಾರಿಗೆ 'ಅಟಾಮಿಕ್' (2016) ಒಳ್ಳೆಯ ಪರೀಕ್ಷೆ. ಹಿರೋಶಿಮಾ ದಾಳಿಯ 70ನೆಯ ವರ್ಷದಲ್ಲಿ, ಅಂದರೆ 2015ರಲ್ಲಿ, ಮಾರ್ಕ್ ಕಸಿನ್ಸ್ ಹಳೆಯ ದೃಶ್ಯತುಣುಕುಗಳಿಂದಲೇ ಜೋಡಿಸಿದ ಸಾಕ್ಷ್ಯಚಿತ್ರಕ್ಕೆ ಈ ಸಂಗೀತ ಸಿದ್ಧವಾಗಿತ್ತು. ಆದರೆ ಆಲ್ಬಂಗಾಗಿ ತಂಡವು ಅದನ್ನು ಮತ್ತೆ ತಿದ್ದಿ ರೂಪಿಸಿತು. ಹೀಗೆ ರಚನಕಾರರೇ ಮರುಶ್ರವಣ ನಡೆಸಿ ಸ್ವತಂತ್ರ ಕೃತಿಯಾಗಿಸಿದ ಮೇಲೆ ಅದನ್ನು ಎರಡನೆಯ ಸಾಲಿನಲ್ಲಿ ಕೂರಿಸಲು ಕಾರಣವೇ ಉಳಿಯುವುದಿಲ್ಲ.

ಕೋವಿಡ್ ಕಾಲದಲ್ಲಿ, ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತಂಡವೂ ಅಮೆರಿಕದಿಂದ ವಿಡಿಯೊ ಕರೆಯ ಮೂಲಕ ಫ್ರಿಡ್‌ಮನ್ ಅವರೂ ಸೇರಿ ರೂಪಿಸಿದ 'ಆ್ಯಸ್ ದ ಲವ್ ಕಂಟಿನ್ಯೂಸ್' 2021ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಮತ್ತು ಅದೇ ವರ್ಷ ಸ್ಕಾಟ್ಲೆಂಡಿನ ವರ್ಷದ ಆಲ್ಬಂ ಪ್ರಶಸ್ತಿಯನ್ನೂ ಪಡೆಯಿತು. ಮೊದಲ ಸಿಂಗಲ್ ಬಂದು ಇಪ್ಪತ್ತೈದು ವರ್ಷಗಳಾದ ನಂತರ ಸಂದ ಈ ಮೊದಲ ಸ್ಥಾನಕ್ಕಾಗಿ ಆ ವಾರ ಅಭಿಮಾನಿಗಳು ಪರಸ್ಪರ ಹುರಿದುಂಬಿಸಿ ಆಲ್ಬಂ ಕೊಂಡಿದ್ದರು. ಸಿನಿಮಾ ಸಂಗೀತದಲ್ಲಿ ಕಲಿತ ಮಿತವೂ 1997ರ ಅಬ್ಬರವೂ ಈ ಕೃತಿಯಲ್ಲಿ ಒಂದನ್ನೊಂದು ತಳ್ಳದೆ ಜೊತೆಗಿವೆ. ಜಾನ್ ಕಾಂಗಲ್ಟನ್ ನಿರ್ದೇಶನದಲ್ಲಿ 2025ರ ಜನವರಿಯಲ್ಲಿ ಬಂದ 'ದ ಬ್ಯಾಡ್ ಫೈರ್' ಈ ಸಾಲಿನ ಹನ್ನೊಂದನೆಯ ಆಲ್ಬಂ; ಅದಕ್ಕೆ ಸಿಕ್ಕಿರುವ ಅಂಕಗಳು ಸದ್ಯಕ್ಕೆ ಮೊದಲ ಕೇಳ್ಮೆಯವು.