ವಿಕಲ ಶಿಶುಗಳ ಶಿಕ್ಷಣ: ಧರ್ಮಸಭೆ ನಡೆದುಬಂದ ದಾರಿ

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಬರೆದಿಡುವುದು ವಾಡಿಕೆ. ದೇವಾಲಯಕ್ಕೆ ಅಡಿಗಲ್ಲು ಇಟ್ಟವರಾರು, ಗಂಟೆ ಎಲ್ಲಿಂದ ಬಂದಿತು, ಯಾವ ಗುರುಗಳು ಎಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಅಂತಹ ಪಟ್ಟಿಗಳಲ್ಲಿ ಹೆಸರು ಬಾರದ ಕೆಲವರ ಚರಿತ್ರೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಶಿಶುವಿನ ಹೆಸರು, ಜನನ ದಿನಾಂಕ, ತಂದೆತಾಯಿ, ಜ್ಞಾನ ತಂದೆತಾಯಿ ಇವಿಷ್ಟಕ್ಕೆ ಅಂಕಣಗಳಿವೆ. ಹತ್ತು ವರ್ಷಗಳ ಅನಂತರ ಅದೇ ಹೆಸರನ್ನು ಪ್ರಥಮ ಪರಮಪ್ರಸಾದದ ಪಟ್ಟಿಯಲ್ಲಿ ಹುಡುಕಿದಾಗ ಅದು ಕಾಣದಿದ್ದರೆ, ಮರಣದ ಪುಸ್ತಕದಲ್ಲೂ ಇಲ್ಲದಿದ್ದರೆ, ಆ ಮಗು ಎಲ್ಲಿಗೆ ಹೋಯಿತು? ಅನೇಕ ವೇಳೆ ಅದು ಎಲ್ಲಿಗೂ ಹೋಗಿರುವುದಿಲ್ಲ; ಮನೆಯ ಒಳಕೋಣೆಯಲ್ಲಿಯೇ ಇರುತ್ತದೆ.

ಕಿವಿ ಕೇಳದ, ಕಣ್ಣು ಕಾಣದ, ಬುದ್ಧಿ ಬೆಳೆಯಲು ತಡಮಾಡುವ ಮಕ್ಕಳಿಗೂ ವಿದ್ಯೆ ಕಲಿಸಬಹುದು, ಅದನ್ನು ಎಳವೆಯಲ್ಲಿಯೇ ಆರಂಭಿಸಬೇಕು ಎಂಬ ತಿಳಿವಳಿಕೆ ಲೋಕಕ್ಕೆ ಬರಲು ನಾಲ್ಕು ಶತಮಾನಗಳೇ ಬೇಕಾದವು. ಈ ದೀರ್ಘ ಪಯಣದಲ್ಲಿ ಧರ್ಮಸಭೆಯ ಪಾಲು ಹಿರಿದು. ಆದರೆ ಆರಂಭ ಅಷ್ಟು ಹೆಮ್ಮೆಪಡುವಂತಹುದಲ್ಲ. ಕೇಳುವುದರಿಂದ ವಿಶ್ವಾಸ ಹುಟ್ಟುತ್ತದೆಂದು ಸಂತ ಪೌಲರು ಹೇಳಿದ್ದನ್ನು ಅಕ್ಷರಶಃ ಹಿಡಿದುಕೊಂಡು, ಕಿವುಡರು ವಿಶ್ವಾಸವನ್ನು ಅರಿಯಲಾರರೆಂದು ಬಹುಕಾಲ ವಾದಿಸಿದವರಿದ್ದರು. ಆ ವಾದವನ್ನು ಮುರಿದದ್ದು ಪುಸ್ತಕವಲ್ಲ, ಒಬ್ಬ ಸನ್ಯಾಸಿಯ ಕೆಲಸ. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದ ಓನ್ಯ ಎಂಬಲ್ಲಿಯ ಬೆನೆಡಿಕ್ಟೀನ್ ಮಠದ ಪೆದ್ರೊ ಪೊನ್ಸೆ ದೆ ಲೆಯೊನ್ ಅವರು ಶ್ರೀಮಂತ ಮನೆತನದ ಕಿವುಡ ಮಕ್ಕಳಿಗೆ ಓದು, ಬರಹ, ಮಾತು ಮೂರನ್ನೂ ಕಲಿಸಿ ತೋರಿಸಿದರು. ಬಡವರ ಮಕ್ಕಳಿಗೆ ಆ ಭಾಗ್ಯ ದೊರೆಯಲು ಮತ್ತೆ ಇನ್ನೂರು ವರ್ಷಗಳು ಹಿಡಿದವು. 1760ರ ಸುಮಾರಿಗೆ ಪ್ಯಾರಿಸ್ ನಗರದಲ್ಲಿ ಗುರುಗಳಾದ ಚಾರ್ಲ್ಸ್ ಮಿಶೆಲ್ ದೆ ಲೆಪೆ ಅವರು ಇಬ್ಬರು ಕಿವುಡ ಸೋದರಿಯರನ್ನು ಕಂಡು, ಇವರು ದೇವರನ್ನು ಅರಿಯದೆಯೇ ಸಾಯಬೇಕೆ ಎಂದು ಮರುಗಿ, ಸನ್ನೆಗಳ ಮೂಲಕ ಪಾಠ ಆರಂಭಿಸಿದರು. ಧರ್ಮೋಪದೇಶದ ತರಗತಿಯಾಗಿ ಹುಟ್ಟಿದ್ದು ಬಡವ-ಬಲ್ಲಿದರೆನ್ನದೆ ಎಲ್ಲರಿಗೂ ತೆರೆದ ಕಿವುಡರ ಶಾಲೆಯಾಯಿತು.

ಅಲ್ಲಿಂದ ಮುಂದಿನ ಕಥೆ ನಮ್ಮೂರಿನ ಅಂಗನವಾಡಿಯವರೆಗೂ ಬರುತ್ತದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಅದೇ ಪ್ಯಾರಿಸ್ ಶಾಲೆಯ ವೈದ್ಯ ಇಟಾರ್ ಎಂಬಾತನ ಬಳಿಗೆ 1800ರಲ್ಲಿ, ಕಾಡಿನಲ್ಲಿ ಸಿಕ್ಕಿದ ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬನನ್ನು ತಂದರು. ವರ್ಷಗಟ್ಟಲೆ ಶ್ರಮಿಸಿದರೂ ಆ ಹುಡುಗನಿಗೆ ಮಾತು ಬರಲಿಲ್ಲ. ಕಲಿಯುವ ಕಾಲ ಮೀರಿಹೋಗಿತ್ತು. ಆದರೆ ಸ್ಪರ್ಶ, ದೃಷ್ಟಿ, ಶ್ರವಣಗಳನ್ನು ಒಂದೊಂದಾಗಿ ಪಳಗಿಸುವ ವಿಧಾನವೊಂದು ಆ ಸೋಲಿನಿಂದ ಹುಟ್ಟಿತು. ಇಟಾರನ ಶಿಷ್ಯ ಸೆಗ್ವೆ ಅದನ್ನು ಬುದ್ಧಿಮಾಂದ್ಯ ಮಕ್ಕಳಿಗಾಗಿ ಬೆಳೆಸಿದ. ಇವರಿಬ್ಬರ ಬರಹಗಳನ್ನು ಓದಿದ ಇಟಲಿಯ ಕಥೋಲಿಕ ವೈದ್ಯೆ ಮರಿಯ ಮೊಂತೆಸ್ಸೊರಿ ರೋಮ್ ನಗರದಲ್ಲಿ ಅಂತಹ ಮಕ್ಕಳಿಗೆ ಕಲಿಸಿ, ಅವರ ಪ್ರಗತಿಯನ್ನು ಕಂಡು, 1907ರಲ್ಲಿ ಕೂಲಿಕಾರರ ಬಡಾವಣೆಯೊಂದರಲ್ಲಿ ಸಾಮಾನ್ಯ ಮಕ್ಕಳಿಗೂ ಅದೇ ಕ್ರಮದ ಶಿಶುಗೃಹವನ್ನು ತೆರೆದರು. 1939ರಲ್ಲಿ ಆಕೆ ಮದರಾಸಿಗೆ ಬಂದರು. ಮಹಾಯುದ್ಧದ ದೆಸೆಯಿಂದ ವರ್ಷಗಟ್ಟಲೆ ಭಾರತದಲ್ಲಿಯೇ ಉಳಿದು ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು. ಇಂದು ದಾವಣಗೆರೆಯ ಉಳ್ಳವರು ಶುಲ್ಕ ತೆತ್ತು ಮಕ್ಕಳನ್ನು ಕಳಿಸುವ ಮಾಂಟೆಸರಿ ಶಾಲೆಗಳ ಪುಟ್ಟ ಕುರ್ಚಿ, ಬಣ್ಣದ ಮಣಿ, ಉಜ್ಜುಕಾಗದದ ಅಕ್ಷರಗಳ ಹಿಂದೆ, ದಡ್ಡರೆಂದು ಲೋಕ ಕೈಬಿಟ್ಟಿದ್ದ ಮಕ್ಕಳಿದ್ದಾರೆ. ಅಂಥವೇ ಮಕ್ಕಳನ್ನು ಆ ಶಾಲೆಗಳು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರೆ ಅದಕ್ಕೆ ಏನೆನ್ನಬೇಕೋ ತಿಳಿಯದು.

ಭಾರತದ ಮೊದಲ ಕಿವುಡರ ಶಾಲೆಯನ್ನು 1885ರ ಸುಮಾರಿಗೆ ಮುಂಬಯಿಯಲ್ಲಿ ಸ್ಥಾಪಿಸಿದವರು ಅಲ್ಲಿಯ ಧರ್ಮಾಧ್ಯಕ್ಷರಾಗಿದ್ದ ಯೇಸುಸಭೆಯ ಲಿಯೊ ಮ್ಯೂರಿನ್. ಕರಾವಳಿಯ ಹಿರಿಯರಿಗೆ ಈ ಹೆಸರು ಹೊಸತಲ್ಲ: ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ; ಅದರ ಹಿಂದಿನ ವರ್ಷ ರೋಮಿನ ಸಂದರ್ಶಕರಾಗಿ ಅಲ್ಲಿಗೆ ಬಂದವರು ಇವರೇ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾಯಿತು. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1970ರಲ್ಲಿ ತೆರೆದ ಸಂತ ಆಗ್ನೆಸ್ ವಿಶೇಷ ಶಾಲೆ, ಬುದ್ಧಿಮಾಂದ್ಯ ಮಕ್ಕಳಿಗಾಗಿ ನಮ್ಮ ನಾಡಿನಲ್ಲಿ ಹುಟ್ಟಿದ ಹಳೆಯ ಶಾಲೆಗಳಲ್ಲೊಂದು. ಇವೆಲ್ಲ ಪುಣ್ಯಕಾರ್ಯಗಳೇ. ಆದರೂ ಹಳೆಯ ಕ್ರಮದಲ್ಲಿ ಒಂದು ಕೊರತೆಯಿತ್ತು. ಮಗುವಿಗೆ ಆರೇಳು ವರ್ಷ ತುಂಬಿ ಶಾಲೆಯ ವಯಸ್ಸಾಗುವವರೆಗೆ ಯಾರೂ ಏನೂ ಮಾಡುತ್ತಿರಲಿಲ್ಲ. ಇಟಾರನ ಹುಡುಗನಿಗೆ ಆದದ್ದೇ ಇವರಿಗೂ ಸ್ವಲ್ಪಮಟ್ಟಿಗೆ ಆಗುತ್ತಿತ್ತು.

ಈ ಕೊರತೆಯನ್ನು ತುಂಬಿದ ಕೆಲಸ ಹೆಚ್ಚಾಗಿ ಕಳೆದ ಅರುವತ್ತು ವರ್ಷಗಳದು. 1966ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವುಡ ಮಕ್ಕಳ ಶಾಲಾಪೂರ್ವ ತರಗತಿಗಳಿಗೆ ತಾಯಂದಿರೂ ಮಗುವಿನೊಡನೆ ಬಂದು ಕುಳಿತು ಪಾಠ ಕಲಿಯುತ್ತಾರೆ. ದಿನಕ್ಕೊಂದು ಗಂಟೆ ಕಲಿಸುವ ಶಿಕ್ಷಕಿಗಿಂತ ಇಡೀ ದಿನ ಜೊತೆಗಿರುವ ತಾಯಿಯೇ ಮೇಲಾದ ಗುರುವೆಂಬುದು ಇದರ ಹಿಂದಿನ ತತ್ತ್ವ. 1998ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮಕ್ಕಳ ಕುರಿತು ಪ್ರಕಟವಾದ ಅಧ್ಯಯನವು, ಆರು ತಿಂಗಳೊಳಗೆ ಕಿವುಡು ಪತ್ತೆಯಾದ ಶಿಶುಗಳು ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಬಹಳ ಮುಂದಿರುತ್ತಾರೆಂದು ತೋರಿಸಿಕೊಟ್ಟಿತು. ಹುಟ್ಟಿದ ಒಂದು ತಿಂಗಳಲ್ಲಿ ಪರೀಕ್ಷೆ, ಮೂರು ತಿಂಗಳಲ್ಲಿ ಖಚಿತ ನಿರ್ಣಯ, ಆರು ತಿಂಗಳಲ್ಲಿ ನೆರವು ಎಂಬುದು ಈಗ ಎಲ್ಲೆಡೆ ವೈದ್ಯರು ಒಪ್ಪಿದ ಸೂತ್ರ. ನಿದ್ರಿಸುವ ಶಿಶುವಿನ ಕಿವಿಯಲ್ಲಿ ಸಣ್ಣ ಬಿರಡೆಯಿಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆ ಅದು; ನೋವಿಲ್ಲ, ಸೂಜಿಯಿಲ್ಲ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಚೆನ್ನೈನ ಮಧುರಂ ನಾರಾಯಣನ್ ಕೇಂದ್ರ ರೂಪಿಸಿದ ‘ಉಪನಯನ’ ಎಂಬ ಕ್ರಮ, ಎರಡು ವರ್ಷದೊಳಗಿನ ಶಿಶುವಿಗೆ 250 ಸಣ್ಣ ಕೌಶಲಗಳನ್ನು ಗೊತ್ತುಮಾಡಿದೆ. ಕತ್ತು ನಿಲ್ಲಿಸುವುದು, ಹೆಸರು ಕರೆದರೆ ತಿರುಗುವುದು, ಬಟ್ಟಲು ಹಿಡಿಯುವುದು ಎಲ್ಲವೂ ಅದರಲ್ಲಿ ಒಂದೊಂದು ಮೆಟ್ಟಿಲು. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಕೌದಿಯನ್ನು ಸುರುಳಿ ಸುತ್ತಿ ಬೆನ್ನಿಗೆ ಒತ್ತುಕೊಟ್ಟು ಕೂರಿಸಿದರೆ, ರೊಟ್ಟಿ ತಟ್ಟುವಾಗ ಹಿಟ್ಟು, ನೀರು, ಹಂಚು ಎಂದು ಮಗುವಿನ ಮುಖ ನೋಡಿ ಹೇಳುತ್ತ ಹೋದರೆ, ಪಾಠ ಅರ್ಧ ನಡೆದಂತೆಯೇ.

ಈಗ ನಮ್ಮ ಸೀಮೆಗೆ ಬರೋಣ. ಹರಿಹರ ತಾಲೂಕಿನ ಕೊಂಡಜ್ಜಿ ಎಂದರೆ ನಾಡಿನವರಿಗೆ ಕೆರೆ, ಕುರುಚಲು ಕಾಡು, ಸ್ಕೌಟ್ ಶಿಬಿರ ನೆನಪಾಗುತ್ತವೆ. ಇಲ್ಲಿಯ ಮನೆಗಳಲ್ಲಿ ಎರಡೂವರೆ ವರ್ಷವಾದರೂ ಮಾತನಾಡದ ಮಗುವಿನ ಬಗ್ಗೆ ವಿಚಾರಿಸಿದರೆ ಅಜ್ಜಿಯಂದಿರು ನಿಶ್ಚಿಂತೆಯಿಂದ ಕೊಡುವ ಉತ್ತರ ಒಂದೇ: “ಅವರಪ್ಪನೂ ತಡವಾಗೇ ಮಾತಾಡಿದ್ದು ಸ್ವಾಮಿ.” ಕೆಲವೊಮ್ಮೆ ಅದು ನಿಜವೂ ಹೌದು. ನಿಜವಲ್ಲದ ಕಡೆ ಮಗುವಿನ ಅತ್ಯಮೂಲ್ಯವಾದ ವರ್ಷಗಳು ಆ ಒಂದು ಮಾತಿನಲ್ಲಿ ಕಳೆದುಹೋಗುತ್ತವೆ. ಅನಂತರ ಹರಿಹರದ ಆರೋಗ್ಯಮಾತೆಗೆ ಹರಕೆ. ಸೆಪ್ಟೆಂಬರ್ 8ರ ಮಹೋತ್ಸವಕ್ಕೆ ಮಗುವನ್ನು ಹೆಗಲ ಮೇಲೆ ಹೊತ್ತು ಬರುವ ತಂದೆತಾಯಿಗಳ ಭಕ್ತಿಯನ್ನು ನಾವು ಕಿರಿದುಗೊಳಿಸುವುದಿಲ್ಲ. ನಾವೂ ಅವರೊಡನೆ ಮೊಣಕಾಲೂರುವವರೇ. ಆದರೆ ಮಾತೆಯ ಸನ್ನಿಧಿಯಿಂದ ದಾವಣಗೆರೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿಯೂ ಹೆಚ್ಚಲ್ಲ. ಹರಕೆ ಹೊತ್ತವರು ಅದೇ ವಾರ ಆ ಹಾದಿಯನ್ನೂ ಹಿಡಿಯಲಿ ಎಂಬುದಷ್ಟೇ ನಮ್ಮ ಬಿನ್ನಹ.

ಹಿಂದೆ ಅಂಗವೈಕಲ್ಯವೆಂದರೆ ಪೋಲಿಯೊ ಪೀಡಿತ ಕಾಲು ಎಂದೇ ಜನ ತಿಳಿದಿದ್ದರು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಈಗ ಉಳಿದಿರುವುದು ಬಹುಪಾಲು ಕಣ್ಣಿಗೆ ಒಡನೆ ಕಾಣದ ಕೊರತೆಗಳು. ಆದ್ದರಿಂದಲೇ ತಡವಾಗಿ ತಿಳಿಯುತ್ತವೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ನಾಡಿನಲ್ಲಿ ಬಲವಾಗಿದೆ. ಹುಟ್ಟುಕಿವುಡಿನಂತಹ ಕೊರತೆಗಳು ಇಂತಹ ವಿವಾಹಗಳ ಸಂತಾನದಲ್ಲಿ ಹೆಚ್ಚೆಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಧರ್ಮಸಭೆಯ ಕಾನೂನು 1091ನೆಯ ವಿಧಿಯಲ್ಲಿ ನಾಲ್ಕನೆಯ ಹಂತದವರೆಗಿನ ರಕ್ತಸಂಬಂಧಿಗಳ ವಿವಾಹವನ್ನು ತಡೆದಿರುವುದು ಬರಿಯ ಕಟ್ಟಳೆಯೆಂದು ಭಾವಿಸಿ, ವಿನಾಯಿತಿಯ ಅರ್ಜಿಯನ್ನು ಲಗ್ನಪತ್ರಿಕೆ ಅಚ್ಚಾದ ಮೇಲೆ ತರುವವರು ಇದನ್ನು ಯೋಚಿಸಬೇಕು. ಹಾಗೆಂದು ಹುಟ್ಟಿದ ಮಗುವನ್ನು ತೋರಿಸಿ ತಾಯಿಯನ್ನು ಹಳಿಯುವುದು ಸಲ್ಲದು. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರೆಂಬುದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಅತ್ತೆಯಂದಿರು ಆ ಒಂಬತ್ತನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಸರಕಾರವೂ ಸುಮ್ಮನಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. 1995ರ ಕಾಯಿದೆ ಏಳು ಬಗೆಯ ವಿಕಲತೆಗಳನ್ನು ಗುರುತಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿ ಆಟಿಸಂ ಅನ್ನೂ ಸೇರಿಸಿತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. 2017ರಲ್ಲಿ ದಾವಣಗೆರೆಗೇ ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಬಂದಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿರುವ ಈ ಕೇಂದ್ರಕ್ಕಾಗಿ ಬೇರೆ ಜಿಲ್ಲೆಯವರು ದೂರದಿಂದ ಬರುತ್ತಾರೆ, ನಮಗೆ ಅದು ಸಂತೆಗೆ ಹೋಗುವಷ್ಟು ಹತ್ತಿರ. ಕಾನೂನಿನಲ್ಲಿ ಒಂದು ಬಿರುಕು ಮಾತ್ರ ಉಳಿದಿದೆ. ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆ ಆರನೆಯ ವರ್ಷದಿಂದ ಕೊಡುತ್ತದೆ. ಮೇಲೆ ಹೇಳಿದ ಅಷ್ಟೂ ಚರಿತ್ರೆ ಅತಿ ಮುಖ್ಯವೆಂದು ಕಂಡುಕೊಂಡ ಕಾಲ ಅದಕ್ಕಿಂತ ಹಿಂದಿನದು.

ಸಂಸ್ಕಾರಗಳ ವಿಷಯದಲ್ಲಿ ಸಂದೇಹಪಡುವವರು ಇನ್ನೂ ಇದ್ದಾರೆ. 1983ರ ಧರ್ಮಸಭಾ ಕಾನೂನಿನ 777ನೆಯ ವಿಧಿ, ದೇಹ ಅಥವಾ ಬುದ್ಧಿಯ ಕೊರತೆಯುಳ್ಳವರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ಕೊಡುವ ಹೊಣೆಯನ್ನು ವಿಚಾರಣಾ ಗುರುಗಳ ಮೇಲೆಯೇ ಹೊರಿಸಿದೆ. 2020ರಲ್ಲಿ ರೋಮಿನಿಂದ ಹೊರಟ ಧರ್ಮೋಪದೇಶ ಮಾರ್ಗದರ್ಶಿಯು ಅಂಥವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲವೆಂದು ಸ್ಪಷ್ಟಪಡಿಸಿದೆ. ಪೂಜೆಯ ನಡುವೆ ಕೂಗುವ ಮಗುವಿನ ತಾಯಿ ಎದ್ದು ಹೊರಗೆ ಹೋಗಬೇಕಾಗಿಲ್ಲ. ಪಕ್ಕದ ಸಾಲಿನವರು ತಿರುಗಿ ನೋಡುವುದನ್ನು ಬಿಟ್ಟರೆ ಸಾಕು.

ಇನ್ನು ಖರ್ಚಿನ ಮಾತು. ನೆರವು ಉಚಿತವಾದರೂ ಅದಕ್ಕೆ ವಾರಕ್ಕೆ ಎರಡು ಬಾರಿ ದಾವಣಗೆರೆಗೆ ಹೋಗಿಬರುವ ಕೂಲಿಯ ತಾಯಿಗೆ ಆ ಎರಡು ದಿನದ ಸಂಪಾದನೆ ಇಲ್ಲ. ನಾಲ್ಕು ವಾರ ಹೋಗಿ ಐದನೆಯ ವಾರ ನಿಲ್ಲಿಸುವವರು ಬಹುಮಟ್ಟಿಗೆ ಈ ಕಾರಣದಿಂದಲೇ ನಿಲ್ಲಿಸುತ್ತಾರೆ, ಉದಾಸೀನದಿಂದಲ್ಲ. ಶತಮಾನೋತ್ಸವದ ನಿಧಿಯಲ್ಲಿ ಗೋಪುರದ ದೀಪಾಲಂಕಾರಕ್ಕೆಂದು ತೆಗೆದಿಟ್ಟ ಮೊತ್ತದ ಒಂದು ಭಾಗವನ್ನು ಈ ತಾಯಂದಿರ ಎರಡು ದಿನದ ಕೂಲಿಗೆ ಮೀಸಲಿಡಬೇಕೆಂದು ನಾವು ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಇಟ್ಟಿದ್ದೇವೆ. ಜಾತಿ, ಮತ ನೋಡದೆ ಸುತ್ತಿನ ಎಲ್ಲ ಹಳ್ಳಿಗಳವರಿಗೂ ಅದು ಸಲ್ಲಬೇಕು. ದೀಕ್ಷಾಸ್ನಾನಕ್ಕೆ ಶಿಶುವನ್ನು ತರುವವರಿಗೆ, ಹೆಸರು, ಜ್ಞಾನ ತಂದೆತಾಯಿಗಳ ವಿಚಾರವಾದ ಮೇಲೆ, ಮಗುವಿನ ಕಿವಿ ಪರೀಕ್ಷೆ ಆಗಿದೆಯೇ ಎಂದೂ ಇನ್ನು ಮುಂದೆ ಕೇಳಲಾಗುವುದು. ಆಗಿರದಿದ್ದರೆ ಕಚೇರಿಯಲ್ಲಿ ಆಸ್ಪತ್ರೆಯ ಚೀಟಿ ಬರೆದುಕೊಡುತ್ತೇವೆ. ದೀಕ್ಷಾಸ್ನಾನ ಅದಕ್ಕಾಗಿ ತಡವಾಗುವುದಿಲ್ಲ.